ಮಾವ ಕೊಡಿಸಿದ ಫೋನು

ಅರ್ಜಿ ಹಾಕಿದ ನಾಲ್ವರಲ್ಲಿ ಮೂವರಿಗೆ ಕಾರ್ಡು ಬಂತು, ನನಗೆ ಬರಲಿಲ್ಲ. ರಾಯಚೂರಿನ ಹತ್ತಿರ, ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ನಾವು ನಾಲ್ವರೂ ಒಂದೇ ಕೋಣೆಯವರು, ಅರ್ಥಶಾಸ್ತ್ರದ ಎಂ.ಎ. ಕೊನೆಯ ವರ್ಷದವರು. ಬ್ಯಾಂಕಿನವರು ಲೈಬ್ರರಿಯ ಮುಂದೆ ಮೇಜು ಹಾಕಿಕೊಂಡು ಕೂತು, ಶಿಷ್ಯವೇತನ ಬರುವ ಖಾತೆ ಇದ್ದರೆ ಸಾಕು, ವಿದ್ಯಾರ್ಥಿಗಳಿಗೂ ಕ್ರೆಡಿಟ್ ಕಾರ್ಡು ಕೊಡುತ್ತೇವೆ ಎಂದಿದ್ದರು. ನನಗೆ ಕಾರ್ಡಿನ ಮೇಲೆ ಮೋಹವೇನೂ ಇರಲಿಲ್ಲ. ಬೇಕಾಗಿದ್ದದ್ದು ಲ್ಯಾಪ್‌ಟಾಪು. ಆ ಕಾರ್ಡಿದ್ದರೆ ಬಡ್ಡಿಯಿಲ್ಲದ ಕಂತಿನಲ್ಲಿ ಒಂದನ್ನು ತೆಗೆದುಕೊಂಡು, ಸಂಜೆ ಹೇಳುತ್ತಿದ್ದ ಟ್ಯೂಷನ್ನಿನ ದುಡ್ಡಿನಲ್ಲಿ ತೀರಿಸಬಹುದಿತ್ತು. ಪ್ರಬಂಧ ಒಪ್ಪಿಸಲು ಮೂರು ತಿಂಗಳು ಉಳಿದಿತ್ತು. ಗೆಳತಿಯರು ಊಟಕ್ಕೋ ಸ್ನಾನಕ್ಕೋ ಹೋದಾಗ ಅವರ ಲ್ಯಾಪ್‌ಟಾಪಿನಲ್ಲಿ ನಾಲ್ಕು ಸಾಲು ಹೊಡೆದು ಏಳುವ ಬದುಕು ನನ್ನದು. “ಮುಗೀತೇನು?” ಎಂದು ಅವರು ಕೇಳುವ ಮೊದಲೇ ಎದ್ದು ನಿಲ್ಲುವುದು ರೂಢಿಯಾಗಿತ್ತು.

ನನ್ನ ಪ್ರಬಂಧದ ವಿಷಯ, ಹಳ್ಳಿಯ ಹೆಣ್ಣುಮಕ್ಕಳು ಮತ್ತು ಸಾಲ. ಊರೂರು ತಿರುಗಿ ಕಂಡವರ ಸಾಲದ ವಿವರ ಬರೆದುಕೊಂಡು ಬಂದವಳಿಗೆ ತನ್ನ ಹೆಸರಿನಲ್ಲೇ ಒಂದು ಸಾಲವಿರುವುದು ಗೊತ್ತಿರಲಿಲ್ಲ. ನಗುವುದಿದ್ದರೆ ಇಲ್ಲೇ ನಕ್ಕುಬಿಡಿ, ಮುಂದೆ ಅಂಥ ಜಾಗ ಹೆಚ್ಚಿಲ್ಲ.

ರಾಯಚೂರಿನ ಶಾಖೆಗೆ ನಾನು ಜಗಳ ತೆಗೆಯಲೆಂದೇ ಹೋದೆ. ಬಡವರ ಮಕ್ಕಳೆಂದರೆ ನಿಮಗೆ ಅಷ್ಟು ಸದರವೇ ಎಂದು ಶುರುವಾಗುವ ಒಂದು ಭಾಷಣವನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಕಾರ್ಡಿನ ಕೆಲಸ ನೋಡುವ ಮೇಡಂ ಅದಕ್ಕೆ ಅವಕಾಶ ಕೊಡಲಿಲ್ಲ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ನಿಮ್ಮ ಹೆಸರಿನಾಗ ಮೊದ್ಲ ಒಂದು ಸಾಲ ಅದಲ್ರೀ. ಮಾನ್ವಿಯಾಗ ತಗೊಂಡೀರಿ, ಫೋನಿಗಿ. ಹನ್ನೆರಡು ಕಂತಿನಾಗ ಐದು ಕಟ್ಟೀರಿ, ಏಳು ಕಟ್ಟಿಲ್ಲ.”

“ನಾ ಯಾವ ಸಾಲಾನೂ ತಗೊಂಡಿಲ್ರೀ ಮೇಡಂ.”

“ತಗೊಂಡಿಲ್ಲಂದ್ರ ಮರುಪರಿಶೀಲನಿಗೆ ಅರ್ಜಿ ಕೊಡ್ರಿ. ಮೂವತ್ತು ದಿನ ಟೈಮ್ ಅದ. ಸಾಲ ಕೊಟ್ಟ ಫೈನಾನ್ಸಿನೋರ ಹತ್ರ ಕಾಗದ ಇಸ್ಕೊಂಡು ಬರ್ರಿ.”

ಈಗ ಬಾಕಿ ಕಟ್ಟಿಬಿಟ್ಟರೆ ಆಗುವುದಿಲ್ಲವೇ ಎಂದು ಕೇಳಿದೆ. ಕಟ್ಟಿದರೆ ಸಾಲ ಮುಗಿಯುತ್ತದೆ, ಕಂತು ತಪ್ಪಿದ ಕಲೆ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ ಎಂದರು ಅವರು. ನನಗೆ ಗೊತ್ತಿಲ್ಲದಂತೆ ಬೇರೆಯವರು ಮಾಡಿದ್ದು ಎಂದು ತೋರಿಸಿದರೆ ಮಾತ್ರ ಅದನ್ನು ಅಳಿಸುತ್ತಾರಂತೆ.

ಮಾನ್ವಿ, ಫೋನು. ಈ ಎರಡು ಮಾತು ಕೇಳಿದ ಕೂಡಲೇ ನನಗೆ ಎಲ್ಲವೂ ನೆನಪಾಯಿತು. ನಾಲ್ಕು ವರ್ಷದ ಹಿಂದೆ, ಡಿಗ್ರಿಯ ಮೊದಲ ವರ್ಷದಲ್ಲಿ, ಕಾಲೇಜು ಮುಚ್ಚಿ ಪಾಠವೆಲ್ಲ ಫೋನಿನಲ್ಲೇ ನಡೆಯುತ್ತಿದ್ದ ಕಾಲ. ಮಸರಕಲ್ಲಿನ ನಮ್ಮ ಮನೆಯಲ್ಲಿ ಇದ್ದದ್ದು ಬಟನ್ ಒತ್ತುವ ಹಳೆಯ ಫೋನು. ಆಗ ಅವ್ವನ ತಮ್ಮ, ಮಾನ್ವಿಯಲ್ಲಿ ಸರಕಾರಿ ಶಾಲೆಯ ಮಾಸ್ತರ, ನನ್ನನ್ನು ಅಲ್ಲಿಯ ಅಂಗಡಿಗೆ ಕರೆದುಕೊಂಡು ಹೋಗಿ ದೊಡ್ಡ ಪರದೆಯ ಫೋನು ಕೊಡಿಸಿದರು. ಅಂಗಡಿಯವನು ಆಧಾರ್ ಕೇಳಿದ, ಕೊಟ್ಟೆ. ಸಣ್ಣದೊಂದು ಯಂತ್ರದ ಮೇಲೆ ಬೆರಳಿಡು ಎಂದ, ಇಟ್ಟೆ. ಡಬ್ಬಿ ಹಿಡಿದು ನಿಲ್ಲು, ಫೋಟೋ ತೆಗೆಯಬೇಕು ಎಂದ. ಗಿರಾಕಿಗಳ ಫೋಟೋ ಅಂಗಡಿಯ ಗೋಡೆಗೆ ಹಾಕುತ್ತಾರೆ ಎಂದುಕೊಂಡು ನಾನು ಜಡೆ ಸರಿಮಾಡಿಕೊಂಡು, ಹಲ್ಲು ಬಿಟ್ಟು ನಿಂತೆ. ಹುಟ್ಟಿದ ಮೇಲೆ ಮೊದಲ ಬಾರಿ ಫೋನಿನ ಅಂಗಡಿ ಹೊಕ್ಕವಳಿಗೆ, ಫೋನು ಕೊಳ್ಳುವುದೆಂದರೆ ಇದೆಲ್ಲ ಇರುತ್ತದೆ ಎಂದೇ ಅನ್ನಿಸಿತ್ತು.

ಆವತ್ತು ಅವ್ವ ಓಣಿ ತುಂಬ ಸುದ್ದಿ ಮಾಡಿದಳು. “ನನ್ನ ತಮ್ಮ ಕೊಡಿಸ್ಯಾನ್ರಿ.” ಅಪ್ಪ ತೀರಿಕೊಂಡ ಮೇಲೆ ಅಪ್ಪನ ಕಡೆಯವರು, ಇವಳಿಗೆ ಹಿಂದೆ ಮುಂದೆ ಯಾರಿದ್ದಾರೆ ಎಂದು ಅವಳಿಗೆ ಕೇಳುವಂತೆಯೇ ಆಡಿಕೊಳ್ಳುತ್ತಿದ್ದರು. ಆ ಫೋನು ಬಂದ ಮೇಲೆ ಆ ಮಾತು ನಿಂತಿತು. ಮಾವ ಬಂದಾಗಲೆಲ್ಲ ಅವ್ವ ಕಣ್ಣಲ್ಲೇ ಸನ್ನೆ ಮಾಡುವಳು, ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಒತ್ತಾಯಕ್ಕೆ ಬೀಳುತ್ತಿರಲಿಲ್ಲ, ಮನಸಾರೆ ಬೀಳುತ್ತಿದ್ದೆ. “ಫೋನ್ ಹೆಂಗ ನಡ್ಯಾಕತ್ತದವ್ವಾ?” ಎಂದು ಅವರು ಪ್ರತಿ ಸಲವೂ ಕೇಳುತ್ತಿದ್ದರು.

ಫೈನಾನ್ಸ್ ಕಂಪನಿಯ ಕಚೇರಿ ರಾಯಚೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಎರಡು ದಿನ ಅಲೆಸಿ, ಮೂರನೆಯ ದಿನ ಕಾಗದ ಕೊಟ್ಟರು. ಮೊದಲ ಹಾಳೆಯಲ್ಲೇ ನಾನು, ಡಬ್ಬಿ ಹಿಡಿದುಕೊಂಡು ಹಲ್ಲು ಬಿಟ್ಟಿದ್ದೆ. ಫೋನ್ ನಂಬರು ಮಾವನದು. ಹಾಗಾಗಿಯೇ ವಸೂಲಿಯವರ ಒಂದು ಕರೆಯೂ ನನಗೆ ಬಂದಿರಲಿಲ್ಲ. ಇಷ್ಟರವರೆಗೆ ನನಗೆ ಬರೀ ಸಿಟ್ಟಿತ್ತು. ಕೊನೆಯ ಹಾಳೆ ತಿರುವಿದೆ. ಓದುವ ಹುಡುಗಿ, ಆದಾಯವಿಲ್ಲ, ಅದಕ್ಕೆ ಜಾಮೀನು ಬೇಕು ಎಂದು ಬರೆದಿದ್ದ ಕಡೆ ಅವ್ವನ ಸಹಿ ಇತ್ತು.

ಅವ್ವನಿಗೆ ಸಹಿ ಕಲಿಸಿದವಳು ನಾನು. ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಅವಳಿಗೆ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ ಸಿಕ್ಕಿತು. ಪಗಾರದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಲು ಅವಳಿಗೆ ನಾಚಿಕೆ. ಪಾಟಿಯ ಮೇಲೆ ಕೈ ಹಿಡಿದು ತಿದ್ದಿಸಿದೆ. ಕೊನೆಯ ಅಕ್ಷರದ ಒತ್ತನ್ನು ಕೆಳಗೆ ಬರೆ ಎಂದು ಎಷ್ಟು ಹೇಳಿದರೂ ಅವಳು ಪಕ್ಕದಲ್ಲೇ ಬರೆಯುತ್ತಾಳೆ. ಜಾಮೀನಿನ ಕಾಗದದಲ್ಲೂ ಪಕ್ಕದಲ್ಲೇ ಬರೆದಿದ್ದಳು.

ಮಾವನೇ ಏನೋ ಸುಳ್ಳು ಹೇಳಿ ಅವಳಿಂದ ಸಹಿ ಹಾಕಿಸಿಕೊಂಡಿರಬೇಕು ಎಂದುಕೊಂಡು ನಾನು ಮಾನ್ವಿಯ ಬಸ್ಸು ಹತ್ತಿದೆ. ಬೇರೆ ಥರ ಯೋಚಿಸುವ ಧೈರ್ಯ ನನಗಿರಲಿಲ್ಲ.

ಮಾವ ಹೊಸ ಮನೆ ಕಟ್ಟಿಸಿದ್ದರು. ಅತ್ತೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜ್ಜಿ ತಂದಿಟ್ಟರು. ಮಾವ ಕಾಗದವನ್ನು ಮಕ್ಕಳ ಉತ್ತರಪತ್ರಿಕೆಯಂತೆ ಮೇಲಿಂದ ಕೆಳಗೆ ನೋಡಿ ವಾಪಸ್ ಕೊಟ್ಟರು. ತಡವರಿಸಲಿಲ್ಲ.

“ಹೌದವ್ವಾ, ನಿನ್ನ ಹೆಸರಿನಾಗ ತಗೊಂಡೆ. ನಾ ಆವಾಗ ಮನಿ ಸಾಲಕ್ಕ ಅರ್ಜಿ ಹಾಕಿದ್ದೆ. ನನ್ನ ಹೆಸರಿನಾಗ ಇಂಥ ಸಣ್ಣಪುಟ್ಟ ಸಾಲ ಕಾಣಬಾರ್ದಿತ್ತು. ನಿನ್ನ ಹೆಸರಿಗಿ ಆವಾಗ ಏನ್ ಕೆಲಸ ಇತ್ತು ಹೇಳು?”

“ಕಂತಾದ್ರೂ ಕಟ್ಟಬೇಕಿತ್ತಲ್ಲ ಮಾವಾ?”

“ಸ್ಲ್ಯಾಬ್ ಹಾಕೋ ಟೈಮ್ ಅದು, ಆಗ್ಲಿಲ್ಲ. ಇಷ್ಟಕ್ಕ ಮಾವನ ಮುಂದ ಕಾಗದ ಹಿಡ್ಕೊಂಡು ಬಂದಿಯಲ್ಲ! ನಿಮ್ಮವ್ವಗ ಎಲ್ಲಾ ಗೊತ್ತದ, ಹೋಗಿ ಕೇಳು.”

ಅಷ್ಟು ಸಿಟ್ಟಿನಲ್ಲೂ ನಾನು ತಟ್ಟೆಯಲ್ಲಿದ್ದ ಮಿರ್ಚಿಯನ್ನೆಲ್ಲ ತಿಂದು ಮುಗಿಸಿದ್ದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆ ಭಾನುವಾರ ಊರಿಗೆ ಹೋದೆ. ಅವ್ವ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಾಗದ ತೋರಿಸಿದೆ. ತನ್ನ ಸಹಿಯನ್ನು ಗುರುತು ಹಿಡಿದಳು, ಕೈ ನಿಲ್ಲಿಸಲಿಲ್ಲ.

“ಗೊತ್ತಿತ್ತು,” ಎಂದಳು. “ತಿಂಗಳಾ ತಿಂಗಳಾ ರೊಕ್ಕ ನಾನ ಕೊಡ್ತಿದ್ದೆ. ಪಗಾರ ಬಂದ ಕೂಡ್ಲೇ ಅವನ ಕೈಯಾಗ ಇಡ್ತಿದ್ದೆ. ಹನ್ನೆರಡೂ ತಿಂಗಳು ಕೊಟ್ಟೀನಿ.”

ಹಾಗಾದರೆ ಆ ಫೋನು ಮಾವ ಕೊಡಿಸಿದ್ದೇ ಅಲ್ಲ. ಸೌದೆಯ ಹೊಗೆ ಕುಡಿದು ಅವ್ವ ದುಡಿದ ದುಡ್ಡಿನದು. ಐದು ತಿಂಗಳ ದುಡ್ಡು ಕಂಪನಿಗೆ ಹೋಗಿತ್ತು, ಏಳು ತಿಂಗಳದ್ದು ಮಾವನ ಸ್ಲ್ಯಾಬಿಗೆ. ಹೆಸರು ಪೂರ್ತಿಯಾಗಿ ಮಾವನಿಗೆ.

“ಮತ್ತ ತಮ್ಮ ಕೊಡಿಸ್ಯಾನ ಅಂತ ಯಾಕ ಹೇಳಿದಿ?”

“ನಾ ಕೊಡಿಸೀನಿ ಅಂದ್ರ ಓಣ್ಯಾಗ ಯಾರಿಗೇನು? ತಮ್ಮ ಕೊಡಿಸ್ಯಾನ ಅಂದ್ರ ಇಕಿಗೂ ತವರಿನಾಗ ಮಂದಿ ಅದಾರ ಅಂತಾರ.”

“ಅವ್ರು ರೊಕ್ಕ ಕಟ್ಟಿಲ್ಲನ್ನೋದು?”

“ಹೋದ ವರ್ಷ ಗೊತ್ತಾತು.”

“ನನಗ ಹೇಳಬಾರ್ದೇನು ಯವ್ವಾ?”

“ನೀ ಜಗಳಾ ತಗೀತಿದ್ದಿ.”

ಅದು ನಿಜ, ತೆಗೆಯುತ್ತಿದ್ದೆ. ಆದರೆ ಹೋದ ವರ್ಷವೂ, ಎಲ್ಲ ಗೊತ್ತಾದ ಮೇಲೂ, ಮಾವ ಬಂದಾಗ ಅವ್ವ ನನಗೆ ಕಣ್ಸನ್ನೆ ಮಾಡಿದ್ದಳು. ನಾನು ಬಾಗಿ ಅವರ ಕಾಲು ಮುಟ್ಟಿದ್ದೆ. ಅವಳು ಅದನ್ನು ನೋಡುತ್ತ ನಿಂತಿದ್ದಳು. ಮಾವನ ಮೋಸವನ್ನು ನಾನು ಬೈದು ಮುಗಿಸಬಲ್ಲೆ, ಆ ನಿಂತದ್ದನ್ನು ಏನು ಮಾಡಬೇಕೋ ನನಗೆ ಇನ್ನೂ ತಿಳಿದಿಲ್ಲ.

ಆದರೂ ಒಂದು ದಾರಿ ಉಳಿದಿತ್ತು. ಸಾಲದ ವ್ಯವಹಾರವನ್ನೆಲ್ಲ ತಮ್ಮನೇ ನಡೆಸಿದ, ಮಗಳಿಗೆ ಏನೂ ಗೊತ್ತಿರಲಿಲ್ಲ ಎಂದು ಜಾಮೀನು ನಿಂತವರು ಬರೆದುಕೊಟ್ಟರೆ ದಾಖಲೆ ತಿದ್ದಿಸಲು ಬರುತ್ತದೆ ಎಂದು ಮಾನ್ವಿಯಿಂದ ಬಂದು ಮರುಪರಿಶೀಲನೆಯ ಅರ್ಜಿಯನ್ನೂ ಸಾಲದ ಕಾಗದದ ಪ್ರತಿಯನ್ನೂ ಕೊಟ್ಟಾಗ ಬ್ಯಾಂಕಿನ ಮೇಡಂ ಹೇಳಿದ್ದರು. ಅದನ್ನು ಬರೆದುಕೊಂಡೇ ಊರಿಗೆ ಹೋಗಿದ್ದೆ. ಕಂತಿನ ಹಣವನ್ನು ಅವ್ವ ತಮ್ಮನ ಕೈಗೆ ಕೊಟ್ಟ ಮಾತನ್ನು ಅಲ್ಲೇ ಕಟ್ಟೆಯ ಮೇಲೆ ಕೂತು ಸೇರಿಸಿದೆ. ಪೂರ್ತಿ ಓದಿ ಹೇಳಿದೆ. ಅವಳು ಕಿವಿಗೊಟ್ಟು ಕೇಳಿದಳು.

“ಎಲ್ಲಾ ಖರೇನ ಬರದಿ,” ಎಂದಳು. “ಒಂದಕ್ಷರ ಸುಳ್ಳಿಲ್ಲ.”

ಪೆನ್ನು ಕೊಟ್ಟೆ. ಅವಳು ಅಂಟು ಅಂಟಾದ ಕೈಯನ್ನು ಸೀರೆಗೆ ಒರೆಸಿಕೊಂಡಳು. ತೆಗೆದುಕೊಳ್ಳುತ್ತಾಳೆ ಎಂದೇ ನಾನು ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

“ಅಂವಾ ಮಾಸ್ತರ ಅದಾನವ್ವಾ. ಇದು ಅಲ್ಲಿಲ್ಲಿ ಹೋದ್ರ ಅವನ ನೌಕರಿ ಏನಾಗ್ತದ? ಮತ್ತ ಅಂವಾ ನನ್ನ ಮನಿ ಮೆಟ್ಲ ಹತ್ತಂಗಿಲ್ಲ. ನನಗ ಇರೋ ತವರು ಅದೊಂದ.”

“ಸಾಲಕ್ಕ ಸಹಿ ಮಾಡೀದಿ ಯವ್ವಾ. ಖರೇಕ್ಕ ಮಾಡಂಗಿಲ್ಲೇನು? ಮತ್ತ ನಾನು?”

“ನೀ ಎಲ್ಲಿಗಿ ಹೋಗ್ತಿ ಬೇ? ನೀ ನನ್ನಾಕಿ.”

ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ, ಅದೇ ನನ್ನನ್ನು ಹೆಚ್ಚು ಸುಟ್ಟಿತು. ತಮ್ಮ ಮುನಿಸಿಕೊಂಡು ಹೋಗಿಬಿಡಬಹುದು, ಮಗಳು ಎಲ್ಲಿಗೂ ಹೋಗುವುದಿಲ್ಲ ಎಂಬ ಆ ನೆಚ್ಚಿಕೆಯಲ್ಲೇ ಅವಳು ನನ್ನನ್ನು ಬಿಟ್ಟುಕೊಟ್ಟಿದ್ದಳು. ಊಟ ಮಾಡಿ ಹೋಗು ಎಂದಳು. ಹಸಿವಿಲ್ಲ ಎಂದು ಸುಳ್ಳು ಹೇಳಿ ನಾನು ರಾಯಚೂರಿನ ಬಸ್ಸಿಗೆ ನಡೆದೆ.

ಮೂರು ವಾರ ಕಾದೆ. ಫೋನು ಬಂದಾಗಲೆಲ್ಲ ಅವ್ವ ಒಪ್ಪಿರಬೇಕು ಎಂದು ಎತ್ತುತ್ತಿದ್ದೆ. ಅವಳು ಊಟವಾಯಿತೇ ಎಂದು ಕೇಳಿ ಇಡುತ್ತಿದ್ದಳು.

ಗಡುವಿನ ಕೊನೆಯ ದಿನ ಬ್ಯಾಂಕಿಗೆ ಹೋದೆ. ಮೊದಲೇ ತಂದುಕೊಟ್ಟಿದ್ದ ಸಾಲದ ಕಾಗದವನ್ನು ಮೇಡಂ ಮುಂದೆ ಹರಡಿಕೊಂಡಿದ್ದರು. ಅವರಿಗೆ ನನ್ನ ಮೇಲೆ ಕರುಣೆ ಬಂದಿತ್ತು, ಹೇಗಾದರೂ ಕೆಲಸ ಮಾಡಿಕೊಡಬೇಕೆಂದು ಇತ್ತು.

“ತಾಯಿಯವ್ರು ಬರ್ಕೊಟ್ರೇನ್ರೀ? ಅದೊಂದು ಸಹಿ ಇದ್ರ ಇವತ್ತ ಕಳಿಸ್ತೀನಿ ನೋಡ್ರಿ.”

ಅವ್ವ ಒಲ್ಲೆ ಅಂದಳು ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಪರವೂರಿನ ಆ ಹೆಣ್ಣುಮಗಳ ಮುಂದೆ, ಹೆತ್ತವಳು ನನ್ನ ಪರವಾಗಿ ಒಂದು ಸಹಿ ಹಾಕಲಿಲ್ಲ ಎಂಬ ಮಾತು ಹೊರಬರಲಿಲ್ಲ.

“ನಮ್ಮವ್ವಗ ಸಹಿ ಮಾಡಾಕ ಬರಂಗಿಲ್ರೀ ಮೇಡಂ,” ಎಂದೆ.

ಅವರು ತಲೆ ತಗ್ಗಿಸಿ ಮುಂದಿದ್ದ ಕಾಗದ ನೋಡಿದರು. ಅವ್ವನ ಸಹಿ ಅವರ ಬೆರಳಿನ ಪಕ್ಕದಲ್ಲೇ ಇತ್ತು. ಆಮೇಲೆ ನನ್ನನ್ನು ನೋಡಿದರು.

“ಹಂಗಾದ್ರ ಅರ್ಜಿ ಮುಚ್ಚಬೇಕಾಗ್ತದ.”

“ಮುಚ್ರಿ.”

ಅರ್ಜಿ ಹಿಂದಕ್ಕೆ ಪಡೆದಿದ್ದೇನೆ, ಸಾಲ ನನ್ನದೇ ಎಂದಿದ್ದ ಹಾಳೆಯನ್ನು ಅವರು ನನ್ನ ಮುಂದೆ ತಳ್ಳಿ, ಸಹಿ ಎಲ್ಲಿ ಎಂದು ತೋರಿಸಿದರು. ನಾನು ಸಹಿ ಮಾಡಿದೆ.