ಹೊತ್ತಿಗೆ ಬರುವ ನದಿ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಬೆಳಗಿನ ಐದು ಗಂಟೆಯನ್ನು ಸಾರುವುದು ಕೋಳಿಯೂ ಅಲ್ಲ, ಗಡಿಯಾರವೂ ಅಲ್ಲ; ನಳದ ಕೆಮ್ಮು. ಮೊದಲು ಗಾಳಿ, ಆಮೇಲೆ ಒಂದಿಷ್ಟು ತುಕ್ಕು, ಕೊನೆಗೆ ಕೃಪಾಪೂರ್ವಕವಾಗಿ ಮುಕ್ಕಾಲು ಗಂಟೆಯ ನೀರು. ಈ ನಾದವನ್ನು ನಾನು ಇಪ್ಪತ್ತು ವರ್ಷ ಹೊದಿಕೆಯೊಳಗಿಂದಲೇ ಆಸ್ವಾದಿಸಿದವನು. ಎದ್ದು ಹೋಗಿ ನೀರು ಹಿಡಿದಿಟ್ಟವಳು ನನ್ನ ಹೆಂಡತಿ ಸುಮಿತ್ರಾ.

ಇಂಥವಳು ಒಂದು ದಿನ ರೊಟ್ಟಿ ಬಡಿಯುತ್ತಲೇ ತನಗೆ ರಾಫ್ಟಿಂಗ್ ಹೋಗಬೇಕೆಂದಳು. ಆಫೀಸಿನ ಗೆಳತಿಯೊಬ್ಬಳು ಮೊಬೈಲಿನಲ್ಲಿ ಚಿತ್ರ ತೋರಿಸಿದ್ದಳಂತೆ: ಸಹ್ಯಾದ್ರಿಯಿಂದಿಳಿದು ಕೋಲಾಡದ ಬಳಿ ಬಂಡೆಗಳ ನಡುವೆ ನೊರೆಗರೆಯುವ ಕುಂಡಲಿಕಾ ನದಿ, ಅದರ ಮೇಲೊಂದು ರಬ್ಬರಿನ ದೋಣಿ, ದೋಣಿಯಲ್ಲಿ ಬಾಯಿ ತೆರೆದ ಎಂಟು ಜನ. "ಯಾಕ ಅಂತ ಕೇಳಬ್ಯಾಡ್ರೀ. ಹೋಗಬೇಕ ಅನಸೈತಿ" ಎಂದಳು.

ಧಾರವಾಡದ ಕಡೆಯವನಾದ ನಾನು ಕೊಡಕ್ಕಿಂತ ಆಳವಾದ ನೀರನ್ನು ಎಂದೂ ನಂಬಿದವನಲ್ಲ, ಈಜು ಬಾರದು. ಬೇಡವೆನ್ನುವ ಧೈರ್ಯವೂ ಇಲ್ಲದ್ದರಿಂದ ಕಟ್ಟಡದವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಹೋಗೋಣವೆಂದು ಹೇಳಿ, ಆ ಯೋಜನೆಯ ಹೊಣೆಯನ್ನು ನಾನೇ ಹೊತ್ತೆ. ಒಂದು ಕಾರ್ಯವನ್ನು ಕೆಡಿಸಲು ಅದರ ಸಂಚಾಲಕನಾಗುವುದಕ್ಕಿಂತ ಸಾತ್ತ್ವಿಕ ಮಾರ್ಗ ಇನ್ನೊಂದಿಲ್ಲವೆಂಬುದು, ಹೌಸಿಂಗ್ ಸೊಸೈಟಿಯ ಸಭೆಗಳಲ್ಲಿ ಕೂತೆದ್ದ ಓದುಗ ಮಿತ್ರರಿಗೆ ತಿಳಿದೇ ಇದೆ.

ವಿಚಾರಿಸಿದಾಗ ಪರಮಾನಂದವಾಯಿತು. ಆ ನದಿಯ ರಭಸ ಇಡೀ ದಿನದ್ದಲ್ಲ. ಮೇಲಿನ ಅಣೆಕಟ್ಟಿನಿಂದ ಬೆಳಿಗ್ಗೆ ನೀರು ಬಿಟ್ಟಾಗ ಮಾತ್ರ. ಅದನ್ನು ಹಿಡಿಯಬೇಕಾದರೆ ಬಸ್ಸು ನಾಲ್ಕೂವರೆಗೇ ಹೊರಡಬೇಕು, ಅಷ್ಟು ಬೇಗ ಯಾರು ಏಳುತ್ತಾರೆ ಎಂದು ಗಂಭೀರವಾಗಿ ನಿವೇದಿಸಿದೆ. ಸುಮಿತ್ರಾ ನನ್ನನ್ನು ಕನಿಕರದಿಂದ ನೋಡಿದಳು. "ನಾವು ದಿನಾ ಎಷ್ಟಕ್ಕ ಏಳತೀವಿ ಅಂತ ಮಾಡೀರಿ?" ಸಂಜೆಯೊಳಗೆ ಕಟ್ಟಡದ ಹನ್ನೊಂದು ಹೆಂಗಸರು ಹೆಸರು ಕೊಟ್ಟಿದ್ದರು.

ಆದರೆ ಐದಕ್ಕೆ ನಳ ಬಂದಾಗ ಮನೆಯಲ್ಲಿ ನೀರು ತುಂಬುವವರು ಯಾರು? ಎರಡೇ ದಿನದಲ್ಲಿ ಒಬ್ಬೊಬ್ಬರಾಗಿ ಹಿಂದೆ ಸರಿದರು. ಸುಮಿತ್ರಾ ಹೆಸರಿನ ಪಟ್ಟಿಯನ್ನು ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ನಾನು ಗೆದ್ದಿದ್ದೆ, ಗೆದ್ದವನಿಗೆ ಅಂದು ಊಟ ಸೇರಲಿಲ್ಲ. ಮರುದಿನ ಮನೆಮನೆಯ ಬಾಗಿಲು ತಟ್ಟಿ, ಆ ಒಂದು ಭಾನುವಾರ ಗಂಡಸರೇ ನೀರು ತುಂಬುವುದೆಂದು ಒಪ್ಪಿಸಿ ಬಂದೆ. ಹೀಗಾದರೆ ನಾನು ದೋಣಿ ಹತ್ತುವುದು ತಪ್ಪುತ್ತದೆಂಬ ಆಲೋಚನೆ ಇರಲೇ ಇಲ್ಲವೆಂದರೆ ಸುಳ್ಳಾದೀತು.

ಭಾನುವಾರ ಬಸ್ಸು ಹೋಯಿತು, ನಳ ಬಂತು. ಡ್ರಮ್ಮಿನಿಂದ ಹಂಡೆಗೆ, ಹಂಡೆಯಿಂದ ಕೊಡಕ್ಕೆ ಪೈಪನ್ನು ಸಾಗಿಸುವಷ್ಟರಲ್ಲಿ ಅದು ಜಾರಿ ಅಡುಗೆಮನೆಯಲ್ಲಿ ಪ್ರವಾಹ. ಪಕ್ಕದವರು ಪಂಪು ಹಾಕಿದೊಡನೆ ನಮ್ಮ ಧಾರೆ ದಾರವಾಯಿತು. ಮುಕ್ಕಾಲು ಗಂಟೆಯಲ್ಲಿ ನನ್ನ ಸೊಂಟ ಶರಣಾಗಿತ್ತು. ಇದನ್ನೆಲ್ಲ ಮುಗಿಸಿ, ಡಬ್ಬಿ ಕಟ್ಟಿ, ಲೋಕಲ್ ಗಾಡಿಯಲ್ಲಿ ನಿಂತೇ ಆಫೀಸಿಗೆ ಹೋಗಿ, ಸಂಜೆ ನಗುತ್ತ ಮರಳುವವಳ ಪಕ್ಕದಲ್ಲಿ ಇಪ್ಪತ್ತು ವರ್ಷ ಗೊರಕೆ ಹೊಡೆದೆನಲ್ಲ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಅಪಾರ ಗೌರವ ಮೂಡಿತು.

ಹನ್ನೊಂದರ ಹೊತ್ತಿಗೆ ಸುಮಿತ್ರಾಳ ಫೋನು ಬಂತು. ಹಿಂದೆ ನದಿಯ ಮೊರೆತ, ಹೆಂಗಸರ ಕೇಕೆ. ಆಗಷ್ಟೇ ದೋಣಿಯಿಂದ ಇಳಿದಿದ್ದಳು. ಹೆದರಿಕೆಯಾಯಿತೇ, ಪೆಟ್ಟಾಯಿತೇ ಎಂದು ನಾನು ಕೇಳುತ್ತಿದ್ದುದು ಅವಳ ಕಿವಿಗೇ ಬೀಳಲಿಲ್ಲ.

"ಎಷ್ಟ ನೀರ್ರೀ ಇಲ್ಲೆ!" ಎಂದು ಕೂಗಿದಳು. "ಸುಮ್ನ ಹರಕೊಂತ ಹೊಂಟೈತಿ. ಒಬ್ಬರೂ ತುಂಬಕೊಳ್ಳವಲ್ರು!"