ಕಟಿಂಗ್ ಶಾಪಿನ ಎರ್ರಿಸ್ವಾಮಿ

ಎರ್ರಿಸ್ವಾಮಿಯವರ ಕಟಿಂಗ್ ಶಾಪಿನಲ್ಲಿ ರೇಡಿಯೊ ಇರಲಿಲ್ಲ, ಟೀವಿ ಇರಲಿಲ್ಲ. ಗಿರಾಕಿ ಮೊಬೈಲಿನಲ್ಲಿ ಹಾಡು ಹಚ್ಚಿದರೆ ಕತ್ತರಿ ನಿಲ್ಲಿಸಿ, ಅದು ಬಂದ್ ಆಗುವವರೆಗೆ ಸುಮ್ಮನೆ ನಿಂತಿರುತ್ತಿದ್ದರು. ಕುರುಗೋಡಿನ ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಎರಡು ಕುರ್ಚಿಯ ಅಂಗಡಿಯಲ್ಲಿ ಕೇಳಿಸುತ್ತಿದ್ದುದು ಕತ್ತರಿಯ ಸದ್ದು ಮತ್ತು ಫ್ಯಾನಿನ ಸದ್ದು ಮಾತ್ರ. ಊರಿನವರು ಅದನ್ನು ಶಿಸ್ತು ಅಂದುಕೊಂಡಿದ್ದರು. ನಿಜವಾದ ಕಾರಣ ಗೊತ್ತಿದ್ದುದು ಅವರ ಹೆಂಡತಿ ಲಕ್ಷ್ಮಕ್ಕನಿಗೆ, ಬಳ್ಳಾರಿಯ ಒಬ್ಬ ಡಾಕ್ಟರಿಗೆ, ಕೊನೆಗೆ ನನಗೆ.

"ಕೋಣ್ಯಾಗ ಮಾತಾಡೋರು ಎಷ್ಟ್ ಮಂದಿ ಅದಾರ ಅನ್ನೋದು ನನಗ ಗೊತ್ತಿರಬೇಕ್ರಿ," ಎಂದು ಒಮ್ಮೆ ನನಗೆ ಹೇಳಿದ್ದರು. "ಒಂದು ದನಿ ಹೆಚ್ಚಾತಂದ್ರ ಅದು ಹೊರಗಿಂದೋ, ನನ್ನ ತಲಿ ಒಳಗಿಂದೋ ಅಂತ ತಿಳಕೋಬೇಕಲ್ಲ."

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರಿಗೆ ಸ್ಕಿಜೋಫ್ರೇನಿಯಾ ಶುರುವಾಗಿತ್ತು. ಯಾರೂ ಇಲ್ಲದ ಕಡೆ ಮಾತು ಕೇಳಿಸುತ್ತಿತ್ತು. ಬೀದಿಯಲ್ಲಿ ನಿಂತವರೆಲ್ಲ ತನ್ನ ಮೇಲೇ ಸಂಚು ಹೂಡಿದ್ದಾರೆ ಅನ್ನಿಸುತ್ತಿತ್ತು. ಆಗ ಅವರು ತೆಕ್ಕಲಕೋಟೆಯಲ್ಲಿ ಸೋದರಮಾವನ ಹತ್ತಿರ ಕೆಲಸ ಕಲಿಯುತ್ತಿದ್ದರು. ಆ ಮಾವನೇ ದವಾಖಾನೆಗೆ ಕರೆದುಕೊಂಡು ಹೋದ. ಗುಳಿಗೆ ಹಿಡಿಸಿತು. ಮದುವೆಗೆ ಮುಂಚೆ ಲಕ್ಷ್ಮಕ್ಕನಿಗೆ ಎಲ್ಲವನ್ನೂ ಹೇಳಿದರು, ಊರಿಗೆ ಹೇಳಲಿಲ್ಲ. ತಿಂಗಳಿಗೊಮ್ಮೆ ಬ್ಲೇಡು, ಪೌಡರು ತರುತ್ತೇನೆಂದು ಬಳ್ಳಾರಿ ಬಸ್ಸು ಹತ್ತುತ್ತಿದ್ದರು. ಚೀಲದಲ್ಲಿ ಬ್ಲೇಡಿನ ಕೆಳಗೆ ಗುಳಿಗೆಗಳಿರುತ್ತಿದ್ದವು.

ನಾನು ಬಳ್ಳಾರಿಯ ಒಂದು ಸಣ್ಣ ಸಂಸ್ಥೆಯಲ್ಲಿ ಈ ಕಾಯಿಲೆಯ ಬಗ್ಗೆ ಜನರ ಅಂಜಿಕೆ, ಹೇಸಿಕೆ ಕಡಿಮೆ ಮಾಡುವ ಪ್ರಚಾರದ ಪೋಸ್ಟರುಗಳನ್ನು ಮಾಡುತ್ತಿದ್ದೆ. ಗೋಡೆಗೆ ಹಚ್ಚುವ ಮೊದಲು ಕಾಯಿಲೆ ಅನುಭವಿಸಿದವರೊಬ್ಬರು ನೋಡಲಿ ಎಂದು ಡಾಕ್ಟರು ಎರ್ರಿಸ್ವಾಮಿಯವರನ್ನು ಕಳಿಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಹೆಸರು ಕೇಳಿದಾಗ ನಾನು ಅರೆಗಳಿಗೆ ತಡವರಿಸಿದ್ದು ಅವರ ಕಣ್ಣಿಗೆ ಬಿತ್ತು. ತೆಲುಗಿನ ವೆರ್ರಿ ಎಂದರೆ ಹುಚ್ಚು ಎಂಬುದು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಕಡೆ ಜನ ಪೂಜಿಸುವ ಅವಧೂತ ತಾತನೊಬ್ಬನಿಗೂ ಅದೇ ಹೆಸರು.

"ತಾತನ ಹೆಸರಾಗಿದ್ರ ಎರ್ರಿ ಅಂತ ಕೈ ಮುಗೀತಾರ್ರಿ," ಎಂದು ನಕ್ಕರು. "ನನ್ನಂಥವಗ ಅಂದ್ರ ಕಲ್ಲು ಹುಡುಕತಾರ."

ನನ್ನ ಮೊದಲ ಪೋಸ್ಟರಿನಲ್ಲಿ ಕೆದರಿದ ಕೂದಲಿನ ಮುಖವೊಂದು ಒಡೆದ ಗಡಿಗೆಯಂತೆ ಬಿರುಕು ಬಿಟ್ಟಿತ್ತು. ಕೆಳಗೆ 'ಛಿದ್ರ ಮನಸ್ಸಿಗೆ ನಿಮ್ಮ ಪ್ರೀತಿ ಬೇಕು' ಎಂದು ಬರೆದಿದ್ದೆ. ಅದನ್ನು ತುಂಬ ಹೊತ್ತು ನೋಡಿ ಮೇಜಿನ ಮೇಲೆ ಬೋರಲು ಹಾಕಿದರು. ಈ ಚಿತ್ರ ನೋಡಿದರೆ ತನಗೇ ಅಂಜಿಕೆ ಬರುತ್ತದೆ, ತನ್ನ ತಾಯಿ ಇದನ್ನು ನೋಡಿದ್ದರೆ ಅಂದೇ ತನ್ನನ್ನು ಹೊರಗಿಟ್ಟು ಕದಕ್ಕೆ ಚಿಲಕ ಹಾಕುತ್ತಿದ್ದಳು ಎಂದರು. ಆಮೇಲೆ ಮೆಲ್ಲಗೆ, "ಪ್ರೀತಿ ಯಾರ್ ಕೇಳ್ಯಾರ್ರಿ? ಬಾಡಗಿಗೆ ಮನಿ ಕೊಡ್ರಿ, ಕೆಲಸ ಕೊಡ್ರಿ, ಅಷ್ಟ ಸಾಕು," ಎಂದರು. ಮುಂದಿನ ಪೋಸ್ಟರುಗಳನ್ನೆಲ್ಲ ಅವರಿಗೆ ತೋರಿಸಿಯೇ ಮಾಡಿದೆ. ಒಂದೊಂದು ಶಬ್ದವನ್ನೂ ಮಗುವಿನ ತಲೆ ಬೋಳಿಸುವ ಹುಷಾರಿಯಿಂದ ನೋಡುತ್ತಿದ್ದರು.

ಪ್ರಚಾರದ ಮೊದಲ ಸಭೆ ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನ ಅಂಗಳದಲ್ಲಿ, ಹಮಾಲರ ಊಟದ ಹೊತ್ತಿನಲ್ಲಿ. ಪೋಸ್ಟರು ಜನರಿಗೆ ಹಿಡಿಸುತ್ತದೋ ಇಲ್ಲವೋ ನೋಡಲು ಎರ್ರಿಸ್ವಾಮಿಯವರೂ ಬಂದು ಹಿಂದುಗಡೆ ಚೀಲಗಳಿಗೆ ಒರಗಿ ಕೂತಿದ್ದರು. ನಾನು ಮಾತು ಮುಗಿಸುವ ಮೊದಲೇ ಒಬ್ಬ ಹಮಾಲ, ಅಂಥವರ ಕೈಯಲ್ಲಿ ಕುಡುಗೋಲು ಕೊಡುತ್ತೀರೇನು ಎಂದು ಕೇಳಿದ. ಎಲ್ಲರೂ ನಕ್ಕರು. ನಾನು ಕರಪತ್ರದಲ್ಲಿದ್ದ ಸಾಲುಗಳನ್ನೇ ಒದರತೊಡಗಿದೆ. ನಗು ಇನ್ನೂ ಜೋರಾಯಿತು. ಆಗ ಹಿಂದಿನಿಂದ ದನಿ ಬಂತು.

"ಕುಡುಗೋಲು ಅಲ್ರಿ, ನಾ ದಿನಾ ಕತ್ತಿ ಹಿಡೀತೀನಿ. ಮಂದಿ ಕುತ್ತಿಗಿ ಮ್ಯಾಲೆ. ಇದ ಬ್ಯಾನಿ ನನಗೈತಿ."

ಬಾಗಿಲ ಹತ್ತಿರ ನಿಂತಿದ್ದ ಲಾರಿ ಡ್ರೈವರೊಬ್ಬ ತನಗರಿವಿಲ್ಲದೆ ಕೈಯನ್ನು ಗಂಟಲಿಗೆ ಒಯ್ದ. ಅವನು ಕುರುಗೋಡಿನವನು, ಹಿಂದಿನ ದಿನವಷ್ಟೇ ಎರ್ರಿಸ್ವಾಮಿಯವರ ಕುರ್ಚಿಯಲ್ಲಿ ಕೂತು ಗಡ್ಡ ತೆಗೆಸಿಕೊಂಡಿದ್ದವನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಡ್ರೈವರು ಲೋಡು ಅಲ್ಲಿಗೇ ಬಿಟ್ಟು ಹೊರಗೆ ಹೋದ.

ವಾಪಸು ಬರುವಾಗ ಬಸ್ಸಿನಲ್ಲಿ ಎರ್ರಿಸ್ವಾಮಿ ಕಾಲುವೆಯ ಕಡೆ ಮುಖ ಮಾಡಿ ಕೂತಿದ್ದರು. ಯಾಕೆ ಹೇಳಿಬಿಟ್ಟಿರಿ ಎಂದು ಕೇಳಿದೆ. ನಾನು ಕೊಡುತ್ತಿದ್ದ ಉತ್ತರ ಕೇಳಿ ತನಗೇ ನಾಚಿಕೆಯಾಯಿತು ಎಂದರು.

ವಾರದೊಳಗೆ ಲಕ್ಷ್ಮಕ್ಕನ ಫೋನು ಬಂತು. ಅಂಗಡಿಗೆ ಒಂದು ನರಪಿಳ್ಳೆಯೂ ಬರುತ್ತಿಲ್ಲ, ಜನ ಎದುರಿನ ಚಹಾದಂಗಡಿಯಲ್ಲಿ ಕೂತು ಸುಮ್ಮನೆ ನೋಡುತ್ತಾರೆ, ತನ್ನ ಗಂಡ ಊಟ ಬಿಟ್ಟಿದ್ದಾರೆ ಎಂದಳು. ಆಮೇಲೆ, "ನಿಮ್ಮ ಪೋಸ್ಟರ್ ಚಲೋ ಆತ್ರಿ ಸರ್, ನಮ್ಮ ಬಾಳು ಕೆಡ್ತು," ಎಂದು ಫೋನು ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆಯೇ ಕುರುಗೋಡಿಗೆ ಹೋದೆ. ಹತ್ತಾರು ಮಂದಿ ನೋಡುತ್ತಿದ್ದಂತೆ ಬೇಕೆಂದೇ ನಿಧಾನಕ್ಕೆ ನಡೆದು ಅಂಗಡಿಯ ಕುರ್ಚಿಯಲ್ಲಿ ಕೂತೆ. ಎರ್ರಿಸ್ವಾಮಿಯವರ ಕಣ್ಣು ಕೆಂಪಗಿದ್ದವು, ನಿದ್ದೆ ಮಾಡಿರಲಿಲ್ಲ. ಸೋಪು ಹಚ್ಚಿದರು. ಹೊಸ ಬ್ಲೇಡು ಮುರಿದು ಕತ್ತಿಗೆ ಹಾಕಿದರು. ಕೆನ್ನೆ ಆಯಿತು. ಗದ್ದ ಎತ್ತಿ ಗಂಟಲಿಗೆ ಕತ್ತಿ ಇಟ್ಟರು. ನಿದ್ದೆಯಿಲ್ಲದ ಮನುಷ್ಯ, ಇವತ್ತು ಗುಳಿಗೆ ತಗೊಂಡಿದ್ದಾರೋ ಇಲ್ಲವೋ ಎಂಬ ವಿಚಾರ ಮಿಂಚಿನಂತೆ ಹಾಯಿತು. ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದೆ. ಕತ್ತಿ ನಿಂತಿತು. ಕನ್ನಡಿಯಲ್ಲಿ ಅವರು ನನ್ನನ್ನೇ ನೋಡುತ್ತಿದ್ದರು.

"ನಿಮಗೂ ಅಂಜಿಕಿ ಆತಲ್ರಿ."

ಇಲ್ಲ ಎನ್ನಲು ಬಾಯಿ ತೆರೆದವನು, "ಆತು," ಎಂದೆ.

ಅವರು ಕತ್ತಿ ಮಡಚಿ ಹಲಗೆಯ ಮೇಲೆ ಇಟ್ಟರು. ಎದ್ದು ಹೋಗು ಎನ್ನುತ್ತಾರೆ ಅಂದುಕೊಂಡೆ. ಸ್ಟೂಲು ಎಳೆದು ನನ್ನ ಪಕ್ಕದಲ್ಲಿ ಕೂತರು.

"ಖರೆ ಹೇಳಿದ್ರಿ. ಕುಂದರ್ರಿ. ಅಂಜಿಕಿ ಇಳಿಯೋತನ ಕುಂದರೋಣು. ನನಗೂ ಐತಿ. ಯಾವಾಗ ತಿರುಗಿ ಬರತೈತೋ ಅಂತ ದಿನಾ ಅಂಜತೀನಿ."

ಮುಖದ ಮೇಲೆ ಸೋಪು ಒಣಗಿ ಬಿಗಿಯಿತು. ಹೊರಗಿನವರು ಕತ್ತು ಚಾಚಿ ನೋಡುತ್ತಿದ್ದರು. ಮಾಮೂಲಿ ಗುಳಿಗೆ ಬಿಟ್ಟಿಲ್ಲ, ನಿದ್ದೆ ಮಾತ್ರ ಕೆಟ್ಟಿದೆ, ನಾಳೆ ಡಾಕ್ಟರ ಹತ್ತಿರ ಹೋಗಬೇಕು ಎಂದು ಅವರಾಗಿಯೇ ಹೇಳಿದರು. ಎಷ್ಟು ಹೊತ್ತಾಯಿತೋ, ಕೊನೆಗೆ ನಾನೇ ಗದ್ದ ಎತ್ತಿದೆ. ಮತ್ತೆ ನೀರು ಚಿಮುಕಿಸಿ, ಸೋಪು ಹಚ್ಚಿ, ಕೆಲಸ ಮುಗಿಸಿದರು. ಒಂದು ಗೀರು ಕೂಡ ಬೀಳಲಿಲ್ಲ.

ಅವತ್ತು ನನ್ನ ನಂತರ ಯಾರೂ ಒಳಗೆ ಬರಲಿಲ್ಲ, ಆಮೇಲಿನ ದಿನಗಳಲ್ಲೂ ಬರಲಿಲ್ಲ. ಆ ಕುರುಗೋಡಿನ ಅಂಗಡಿ ಮತ್ತೆ ಏಳಲೇ ಇಲ್ಲ. ಆದರೆ ನನ್ನ ಪ್ರಚಾರದ ಧಾಟಿ ಬದಲಾಯಿತು. ಅಂಜಬೇಡಿ ಎಂದು ಹೇಳುವುದನ್ನು ಬಿಟ್ಟೆ. 'ಅಂಜಿಕೆ ಆದರೆ ಹೇಳಿ, ಕೂತು ಮಾತಾಡೋಣ' ಎಂದು ಬರೆದೆ. ಮೂರು ತಿಂಗಳಾದ ಮೇಲೆ ಎರ್ರಿಸ್ವಾಮಿ ಸಿರುಗುಪ್ಪದಲ್ಲಿ ಆ ಮಿಲ್ಲಿನ ರಸ್ತೆಯಲ್ಲೇ ಒಂದೇ ಕುರ್ಚಿಯ ಅಂಗಡಿ ಹಾಕಿದರು. ಯಾಕೆ ಅಲ್ಲಿಗೇ ಎಂದು ಕೇಳಿದ್ದಕ್ಕೆ, "ಅಲ್ಲಿ ಎಲ್ಲಾರಿಗೂ ಗೊತ್ತೈತಿ. ಮುಚ್ಚಿಡೋ ಕೆಲಸ ತಪ್ತು," ಎಂದಿದ್ದರು.

ನನಗೆ ರಾಯಚೂರಿನ ಕಡೆ ಕೆಲಸ ಬಂದಾಗ ಹೇಳಿ ಹೋಗೋಣವೆಂದು ಸಿರುಗುಪ್ಪಕ್ಕೆ ಹೋದೆ. ಅಂಗಡಿಯ ಶಟರು ಎಳೆದಿತ್ತು. ಇಲ್ಲಿಯೂ ಗಿರಾಕಿ ಬಿಟ್ಟರೋ, ಇಲ್ಲ ಅದಕ್ಕಿಂತ ಕೆಟ್ಟದ್ದೇನಾದರೂ ಆಯಿತೋ ಎಂದು ಹತ್ತಿರ ಹೋದರೆ, ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಅವರದೇ ದುಂಡನೆಯ ಅಕ್ಷರ: 'ತಲಿ ಆರಾಮಿಲ್ಲ. ಬಳ್ಳಾರಿ ದವಾಖಾನಿಗೆ ಹೋಗೀನಿ. ಸೋಮವಾರ ಬರ್ತೀನಿ. ಎರ್ರಿಸ್ವಾಮಿ.'

ಜ್ವರ ಬಂದವರು ಬರೆದು ಹೋದಂತೆ ಬರೆದಿದ್ದರು. ಕಟ್ಟೆಯ ಮೇಲೆ ಒಬ್ಬ ಹಮಾಲ ನಾಲ್ಕು ದಿನದ ಗಡ್ಡ ಕೆರೆದುಕೊಳ್ಳುತ್ತ ಬೀಡಿ ಸೇದುತ್ತಿದ್ದ. ಮುಂದಿನ ತಿರುವಿನಲ್ಲಿ ಇನ್ನೊಂದು ಕಟಿಂಗ್ ಶಾಪು ಇದೆಯಲ್ಲ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಐತ್ರಿ," ಎಂದ. "ಸೋಮವಾರ ಬರ್ತೀನಿ ಅಂತ ಬರದಾನಲ್ಲ. ತಡೀತೀನಿ."