ನಾನು ಸೇರಿಸಿದ ಅಣ್ಣ

ಅಣ್ಣ ಸೌದಿಯಿಂದ ಕ್ಯಾಮರಾ ಕಳಿಸಿದ ವರ್ಷವೇ ನಾನು ಮೂಡಬಿದಿರೆಯ ಫೋಟೋ ಕ್ಲಬ್ಬಿಗೆ ಸೇರಿದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಂಟ್ವಾಳ ಪೇಟೆಯಲ್ಲಿ ನನ್ನದೊಂದು ವಾಚ್ ರಿಪೇರಿ ಅಂಗಡಿ. ಒಂದು ದಿನ ಗೋಡೆ ಗಡಿಯಾರ ಹಿಡಿದುಕೊಂಡು ಬಂದ ಹಿರಿಯರೊಬ್ಬರು ಕಪಾಟಿನಲ್ಲಿದ್ದ ಕ್ಯಾಮರಾ ನೋಡಿ, "ಇದನ್ನು ಮಾರ್ಲಿಕ್ಕೆ ಇಟ್ಟದ್ದಾ?" ಎಂದು ಕೇಳಿದರು.

"ಅಲ್ಲ, ನನ್ನದೇ. ಉಪಯೋಗಿಸ್ಲಿಕ್ಕೆ ಗೊತ್ತಿಲ್ಲ."

"ಹಾಗಾದ್ರೆ ಭಾನುವಾರ ಮೂಡಬಿದಿರೆಗೆ ಬಾ ಮಾರಾಯ, ಹೇಳಿಕೊಡ್ತೇನೆ."

ಬೆಳ್ತಂಗಡಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟ್ರಾಗಿದ್ದು ನಿವೃತ್ತರಾದವರು ಅವರು. ಕ್ಲಬ್ ಎಂದರೆ ಒಂದು ಜವಳಿ ಅಂಗಡಿಯ ಮೇಲಿನ ಕೋಣೆ, ಹತ್ತು ಹನ್ನೆರಡು ಕುರ್ಚಿ, ಅಷ್ಟೇ ಜನ. ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ನಾನು ತಿಂಗಳಿಗೆ ಎರಡು ಭಾನುವಾರ ಹೋಗತೊಡಗಿದೆ. ಪೊಳಲಿಯ ಹೊಳೆಬದಿ, ಮುಂಡಾಜೆಯ ಕಾಡುದಾರಿ ಎಂದು ಕ್ಯಾಮರಾ ನೇತುಹಾಕಿಕೊಂಡು ತಿರುಗಿದೆವು. ತೆಗೆದ ಚಿತ್ರಗಳಲ್ಲಿ ಒಳ್ಳೆಯದೆನಿಸಿದ್ದನ್ನು ಅಣ್ಣನಿಗೆ ಕಳಿಸುತ್ತಿದ್ದೆ. ಅವನು ಫೋನಿನಲ್ಲಿ, "ಮನೆಯವರದ್ದು ಕಳಿಸು ಮಾರಾಯ, ಹೊಳೆ ನೋಡಿ ನಾನು ಏನು ಮಾಡ್ಲಿ?" ಎನ್ನುತ್ತಿದ್ದ.

ತಂಗಿಯ ಮದುವೆ ನಿಶ್ಚಯವಾದಾಗ ಅಣ್ಣ ಬರುತ್ತಾನೆಂದೇ ನಾವು ನಂಬಿದ್ದೆವು. ತಂದೆ ತೀರಿಹೋಗಿದ್ದರು. ವರನ ಕೈ ಹಿಡಿದು ನಿಕಾಹ್ ಮಾಡಿಕೊಡಬೇಕಾದವನು ಅವನೇ. ಒಂದು ವಾರವಿರುವಾಗ ಫೋನು ಬಂತು. ಕೆಲಸ ಕೊಟ್ಟವನು ಪಾಸ್‌ಪೋರ್ಟ್ ಬಿಟ್ಟುಕೊಡಲಿಲ್ಲ. ನಮ್ಮ ತಾಯಿ, ಉಮ್ಮ, ರಿಸೀವರ್ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. "ನೀನೇ ಮಾಡಿಕೊಡು," ಎಂದ ಅಣ್ಣ. ಮತ್ತೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವನ ಜಾಗದಲ್ಲಿ ನಾನು ಕೂತೆ. ಹಾಗಾಗಿ ಆ ದಿನ ನಾನು ಕ್ಯಾಮರಾ ಮುಟ್ಟಲಿಲ್ಲ. ಬಿ.ಸಿ.ರೋಡಿನ ಒಂದು ಸ್ಟುಡಿಯೋದವನು ಬಂದು ತೆಗೆದ. ಮನೆಯವರೆಲ್ಲ ಸೇರಿ ನಿಂತ ಚಿತ್ರ ಒಂದೇ ಒಂದು. ನಡುವೆ ವರ, ತಂಗಿ, ಈಚೆ ನಾನು, ಆಚೆ ಉಮ್ಮ. ಉಮ್ಮನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಅದರ ಹಿಂದೆ ಮನೆಯ ಹಸಿರು ಪರದೆ. ಫೋಟೋ ಬಂದ ದಿನ ಉಮ್ಮ ಅದರ ಮೇಲೆ ಬೆರಳಿಟ್ಟು, "ಇಲ್ಲಿ ಅವನು ನಿಲ್ಲಬೇಕಿತ್ತು," ಎಂದಳು. ಬಂದವರಿಗೆಲ್ಲ ಹಾಗೆಯೇ ಬೆರಳಿಟ್ಟು ತೋರಿಸುತ್ತಿದ್ದಳು.

ಅದಾಗಿ ವರ್ಷದೊಳಗೆ ಕ್ಲಬ್ಬಿಗೆ ಹಳೆಯದೊಂದು ಕಂಪ್ಯೂಟರ್, ಒಂದು ಸ್ಕ್ಯಾನರ್ ಬಂದವು. ಮಾಸ್ಟ್ರು ಅರವತ್ತು ದಾಟಿದ ಮೇಲೆ, ಕಾಲೇಜು ಹುಡುಗಿಯರ ನಡುವೆ ಕೂತು ಕಂಪ್ಯೂಟರ್ ಕಲಿತು ಬಂದಿದ್ದರು. ಫೋಟೋ ತಿದ್ದುವ ಸಾಫ್ಟ್‌ವೇರನ್ನು ನಮಗೆ ಕಲಿಸಿದವರೂ ಅವರೇ. ಇಂಗ್ಲಿಷಿನಲ್ಲಿದ್ದ ಒಂದೊಂದು ಆಜ್ಞೆಯನ್ನೂ ನಾನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಲೇಯರ್ ಎಂದರೆ ಏನೆಂದು ನನಗೆ ಬೇಗ ತಿಳಿಯಲಿಲ್ಲ. "ಗಾಜಿನ ಮೇಲೆ ಗಾಜು ಇಟ್ಟ ಹಾಗೆ," ಎಂದರು ಮಾಸ್ಟ್ರು. "ಮೇಲಿನದರಲ್ಲಿ ಏನು ಬರೆದ್ರೂ ಕೆಳಗಿನದು ಹಾಗೇ ಇರ್ತದೆ." ವಾಚಿನ ಸಣ್ಣ ಸ್ಕ್ರೂ ಹಿಡಿದು ಪಳಗಿದ ಕೈ ನನ್ನದು, ಕೂದಲಿನ ಅಂಚು ಹಿಡಿದು ಮುಖ ಕತ್ತರಿಸುವುದನ್ನು ಉಳಿದವರಿಗಿಂತ ಮೊದಲು ಕಲಿತೆ.

ಮೂರು ಭಾನುವಾರ ಕೂತು ಅಣ್ಣನನ್ನು ಆ ಜಾಗದಲ್ಲಿ ನಿಲ್ಲಿಸಿದೆ. ಯಾವುದೋ ಹಬ್ಬಕ್ಕೆ ಅವನು ರೂಮಿನ ಗೆಳೆಯರ ಜೊತೆ ತೆಗೆಸಿಕೊಂಡ ಚಿತ್ರವೊಂದು ನನ್ನ ಬಳಿ ಇತ್ತು. ಬಿಳಿ ಅಂಗಿ, ಬಾಯಿ ತುಂಬ ನಗು. ಗೆಳೆಯನ ಹೆಗಲ ಮೇಲಿದ್ದ ಕೈಯನ್ನು ಉಮ್ಮನ ಬೆನ್ನ ಹಿಂದೆ ಮರೆಮಾಡಿದೆ. ಮುಖದ ಬಣ್ಣ ಇಳಿಸಿದೆ, ಪರದೆಯ ಮೇಲೆ ನೆರಳು ಹಾಕಿದೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಎಲ್ಲ ಲೇಯರುಗಳನ್ನು ಒಂದಾಗಿಸಿ, ಸ್ಕ್ಯಾನ್ ಮಾಡಿದ ಮೂಲವನ್ನು ಅಳಿಸಿದೆ.

ಮಾಸ್ಟ್ರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಕೆಲಸ ಚಂದ ಆಗಿದೆ. ಅಣ್ಣನ ಹತ್ರ ಕೇಳಿದ್ದಿಯಾ?"

"ಇಲ್ಲ. ಅವನಿಗೆ ಖುಷಿ ಆಗ್ತದೆ."

ಉಮ್ಮ ಅತ್ತಳು, ನಕ್ಕಳು, ಮತ್ತೆ ಅತ್ತಳು. ನಮ್ಮ ಮನೆಯ ಗೋಡೆಗೆ ಅದುವರೆಗೆ ಚಿತ್ರ ಹಾಕಿದ್ದಿಲ್ಲ. ನಮಾಜಿನ ಕೋಣೆಯಲ್ಲಿ ಬೇಡವೆಂದು ಊಟದ ಕೋಣೆಯಲ್ಲಿ ಹಾಕಿಸಿದಳು. ಕಪಾಟಿನಲ್ಲಿಟ್ಟಿದ್ದ ಮೊದಲಿನ ಫೋಟೋದ ಚೌಕಟ್ಟಿನಲ್ಲೇ, ಅದರ ಮೇಲೆಯೇ ಹೊಸದನ್ನು ಇಟ್ಟು ಮೊಳೆ ಹೊಡೆದೆವು. ಅಣ್ಣನಿಗೂ ಒಂದು ಪ್ರತಿ ಕಳಿಸಿದೆ. ಮುಂದಿನ ಫೋನಿನಲ್ಲಿ, "ಸಿಕ್ಕಿತು," ಎಂದ. ಖುಷಿಯಾಗಿರಬೇಕೆಂದು ನಾನು ಭಾವಿಸಿದೆ.

ವರ್ಷಗಳು ಹೋದಂತೆ ಉಮ್ಮ ಮದುವೆಯ ಕಥೆ ಹೇಳುವ ರೀತಿಯೇ ಬದಲಾಯಿತು. ಹೊಸಬರು ಬಂದರೆ, "ದೊಡ್ಡವನು ಎರಡು ದಿನ ಬಂದು ಹೋದ," ಎನ್ನತೊಡಗಿದಳು. ತಂಗಿಯ ಮಕ್ಕಳೂ ಹಾಗೆಯೇ ನಂಬಿದರು. ನಾನು ಒಮ್ಮೆಯೂ ತಿದ್ದಲಿಲ್ಲ.

ಮದುವೆಯಾಗಿ ಏಳೆಂಟು ವರ್ಷ ಬಿಟ್ಟು ಅಣ್ಣ ಬಂದ. ಸೊಂಟ ಕೆಟ್ಟು, ಕೆಲಸ ಬಿಡಿಸಿಕೊಂಡು ಬಂದದ್ದು. ತಲೆ ಪೂರ್ತಿ ನರೆತಿತ್ತು. ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿಯಬೇಕಿತ್ತು. ಮೊದಲ ದಿನ ಊಟಕ್ಕೆ ಕೂತವನ ಎದುರಿಗೇ ಆ ಚಿತ್ರ. ತಂಗಿಯ ಸಣ್ಣ ಮಗಳು ಕೇಳಿದಳು: "ಮಾಮ, ಮದುವೆ ದಿನ ಇಷ್ಟು ನಗಾಡಿದ್ದು ಯಾಕೆ ನೀವು?"

ಅವನು ಮೇಜು ಹಿಡಿದು ಎದ್ದ. ಕೈ ತೊಳೆದು ಹೊರಗೆ ಹೋದ. ನಾನು ಹಿಂದೆಯೇ ಹೋದೆ.

"ಅದನ್ನು ತೆಗೆದುಬಿಡು," ಎಂದ.

"ಉಮ್ಮನಿಗೋಸ್ಕರ ಮಾಡಿದ್ದು..."

"ಆ ದಿನ ನಾನು ಎಲ್ಲಿದ್ದೆ, ಗೊತ್ತುಂಟಾ ನಿನಗೆ? ಗೋಡೌನಲ್ಲಿ ಪೆಟ್ಟಿಗೆ ಇಳಿಸ್ತಾ ಇದ್ದೆ. ಇಲ್ಲಿ ನಿಕಾಹ್ ಆಗುವ ಹೊತ್ತು ಲೆಕ್ಕ ಹಾಕಿ, ಪೆಟ್ಟಿಗೆಗಳ ಹಿಂದೆ ಹೋಗಿ ಕೂತು ಅತ್ತೆ. ಹೇಗಿದ್ದೆ ಅಂತ ಇಷ್ಟು ವರ್ಷದಲ್ಲಿ ನೀವು ಯಾರೂ ಕೇಳಲಿಲ್ಲ. ಯಾಕೆ ಕೇಳ್ತೀರಿ? ನಿಮ್ಮ ಲೆಕ್ಕದಲ್ಲಿ ನಾನು ಮದುವೆಗೆ ಬಂದು ಆಗಿದೆ."

ಮೂರು ಭಾನುವಾರ ಅವನ ಮುಖವನ್ನು ಕೂದಲು ಕೂದಲಾಗಿ ನೋಡಿದವನು ನಾನು. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಚಿತ್ರ ತೆಗೆಯಲು ಉಮ್ಮ ಒಪ್ಪಲಿಲ್ಲ. "ಅದರಲ್ಲಿ ಅವನು ನಗ್ತಾ ಇದ್ದಾನಲ್ಲ," ಎಂದಳು. ಒಳಗೆ ಮಲಗಿದ್ದ ಅಣ್ಣನಿಗೆ ಅದು ಕೇಳಿಸಿರಬೇಕು.

ಮೂಲ ಚಿತ್ರವನ್ನೇ ಮತ್ತೆ ಹಾಕುವ ಎಂದು ಉಮ್ಮ ಇಲ್ಲದ ಹೊತ್ತಿನಲ್ಲಿ ಚೌಕಟ್ಟು ಬಿಚ್ಚಿದೆ. ಮಳೆಗಾಲಗಳ ತೇವಕ್ಕೆ ಎರಡು ಫೋಟೋಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದಾಗ ಹಿಂದಿನದರ ಚಿತ್ರವೆಲ್ಲ ಸಿಪ್ಪೆಯಂತೆ ಎದ್ದು ಹಾಳಾಯಿತು. ಬಿ.ಸಿ.ರೋಡಿನ ಸ್ಟುಡಿಯೋ ಮುಚ್ಚಿ ಎರಡು ವರ್ಷವಾಗಿತ್ತು. ನೆಗೆಟಿವುಗಳನ್ನು ಸುಟ್ಟರೆಂದು ಪಕ್ಕದ ಅಂಗಡಿಯವನು ಹೇಳಿದ.

ಮೂಡಬಿದಿರೆಗೆ ಹೋದೆ. ಕ್ಲಬ್ಬಿನಲ್ಲಿ ನಾಲ್ಕೈದು ಜನ ಮಾತ್ರ ಉಳಿದಿದ್ದರು. ಮಾಸ್ಟ್ರಿಗೆ ಎಲ್ಲ ಹೇಳಿದೆ. ಅವರು ಗದರಲಿಲ್ಲ. "ತೆಗೀಲಿಕ್ಕೆ ಆಗ್ತದೆ. ಆದ್ರೆ ಅವನ ಹಿಂದೆ ಏನಿತ್ತೋ ಅದು ಈಗ ಇಲ್ಲವಲ್ಲ. ಅದನ್ನೂ ನೀನೇ ಮಾಡ್ಬೇಕು."

ಇಡೀ ದಿನ ಕೂತು ಅಣ್ಣನನ್ನು ಅಳಿಸಿದೆ. ಮೊದಲು ನಗು ಹೋಯಿತು, ಆಮೇಲೆ ಬಿಳಿ ಅಂಗಿ. ಅಕ್ಕಪಕ್ಕದ ಪರದೆಯ ತುಂಡುಗಳನ್ನು ನಕಲು ಮಾಡಿ ಮಡಿಕೆಗೆ ಮಡಿಕೆ ಹೊಂದಿಸಿ ಆ ಜಾಗ ತುಂಬಿಸಿದೆ. ಅಣ್ಣ ಮನೆಯಲ್ಲಿ ಸೊಂಟನೋವಿನಿಂದ ಮಲಗಿರುವಾಗ ಅವನನ್ನು ಹೀಗೆ ಒರೆಸಿಹಾಕುವುದು ನನ್ನಿಂದ ಹೇಗೆ ಆಯಿತೆಂದು ಇವತ್ತಿಗೂ ತಿಳಿಯದು.

ಪ್ರಿಂಟನ್ನು ಅವನ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಈ ಪರದೆ ನಿಜದ್ದಾ?"

"ಅಲ್ಲ. ನಾನೇ ಮಾಡಿದ್ದು."

ಅವನು ಪ್ರಿಂಟ್ ಮರಳಿಸಿದ. "ಹಾಗಾದ್ರೆ ಗೋಡೆಯಲ್ಲಿದ್ದದ್ದೇ ಇರಲಿ. ಉಮ್ಮ ಇರುವಷ್ಟು ದಿನ."

ಉಮ್ಮ ಮತ್ತೆ ಮೂರು ವರ್ಷ ಬದುಕಿದಳು. ಅಷ್ಟೂ ದಿನ ಅಣ್ಣ ಊಟದ ಕೋಣೆಗೆ ಬರಲಿಲ್ಲ. ಬಟ್ಟಲನ್ನು ಹೊರಗಿನ ಬೆಂಚಿಗೆ ತರಿಸಿಕೊಂಡು ಒಬ್ಬನೇ ಉಣ್ಣುತ್ತಿದ್ದ. ಮೊದಮೊದಲು ನಾನೂ ನನ್ನ ಬಟ್ಟಲು ಹಿಡಿದು ಅವನ ಪಕ್ಕದಲ್ಲಿ ಕೂರುತ್ತಿದ್ದೆ. ಗೋಡೌನಿನ ಬಗ್ಗೆ, ಅಲ್ಲಿನ ದಿನಗಳ ಬಗ್ಗೆ ಕೇಳಿದೆ. "ಈಗ ಅದೆಲ್ಲ ಯಾಕೆ?" ಎಂದ. ಎರಡನೆಯ ಸಲ ಕೇಳುವ ಧೈರ್ಯ ನನಗಾಗಲಿಲ್ಲ.